ಎಪ್ಪತ್ತೈದು ಮಿಲಿಮೀಟರಿಗೊಂದು ಚುಕ್ಕೆ

ಮನೆಯ ಲೇಸರ್ ಪ್ರಿಂಟರಿನಿಂದ ಬಂದ ಪುಟದ ಬಲ ಅಂಚಿನಲ್ಲಿ ಸಾಸಿವೆ ಕಾಳಿನಷ್ಟು ಒಂದು ಕಪ್ಪು ಚುಕ್ಕೆ. ಕಾಗದದ ದೋಷವಿರಬೇಕು ಎಂದುಕೊಂಡೆ. ಎರಡನೆಯ ಹಾಳೆಯಲ್ಲೂ ಅದೇ ಅಂಚಿನಲ್ಲಿ ಕುಳಿತಿತ್ತು. ಸರಿಯಾಗಿ ನೋಡಿದರೆ ಒಂದಲ್ಲ, ಒಂದರ ಕೆಳಗೊಂದು ನಾಲ್ಕು. ಮಗಳ ಕಂಪಾಸ್ ಪೆಟ್ಟಿಗೆಯಿಂದ ಸ್ಕೇಲು ತಂದು ಇಟ್ಟೆ. ಚುಕ್ಕೆಯಿಂದ ಚುಕ್ಕೆಗೆ 75 ಮಿಲಿಮೀಟರು, ಅದರ ಮೇಲೆ ಕೂದಲೆಳೆಯಷ್ಟು. ಹತ್ತು ಹಾಳೆಗಳನ್ನು ಅಳೆದರೂ ಅದೇ ಅಳತೆ.

ಅದರ ಕಾರ್ಟ್ರಿಜ್‌ಗೆ ಮೂರನೆಯ ಸಲ ಟೋನರ್ ಎಂಬ ಕಪ್ಪು ಪುಡಿ ತುಂಬಿಸಿ ಇಪ್ಪತ್ತು ದಿನವೂ ಆಗಿರಲಿಲ್ಲ. "ಅಗ್ಗದ ಪುಡಿ ಹಾಕಿಸಿಕೊಂಡು ಬಂದರೆ ಇನ್ನೇನಾಗುತ್ತದೆ" ಎಂಬ ಮನೆಯ ತೀರ್ಪನ್ನು ಹೊತ್ತುಕೊಂಡೇ ಅಂಗಡಿಗೆ ಹೋದೆ. ತಾಲ್ಲೂಕು ಕಚೇರಿಯ ಎದುರಿನ ಜೆರಾಕ್ಸ್ ಅಂಗಡಿ ಅದು. ಪಹಣಿ, ಜಾತಿ ಪ್ರಮಾಣಪತ್ರದ ಅರ್ಜಿ, ಆಧಾರ್ ನಕಲು ಎಂದು ಬೆಳಗಿನಿಂದ ಸಂಜೆಯವರೆಗೆ ಯಂತ್ರಗಳಿಗೆ ಬಿಡುವಿಲ್ಲ. ಅಂಗಡಿಯವರು ಕಾರ್ಟ್ರಿಜ್ ಮುಟ್ಟಲಿಲ್ಲ. ಹಾಳೆಯನ್ನು ಎತ್ತಿ ಹಿಡಿದು, ಹೆಬ್ಬೆರಳು ತೋರುಬೆರಳುಗಳನ್ನು ಅಗಲಿಸಿ ಚುಕ್ಕೆಗಳ ನಡುವಿನ ಅಂತರಕ್ಕೆ ಇಟ್ಟರು. "ಪುಡಿಯ ತಪ್ಪಲ್ಲ ಸರ್, ಡ್ರಮ್ ಹೋಗಿದೆ" ಎಂದರು.

ಅವರ ಬೆರಳಿನ ಲೆಕ್ಕ ಹೈಸ್ಕೂಲಿನ ಗಣಿತವೇ. ಸಣ್ಣ ಲೇಸರ್ ಪ್ರಿಂಟರುಗಳ ಕಾರ್ಟ್ರಿಜ್‌ನೊಳಗೆ 24 ಮಿಲಿಮೀಟರ್ ವ್ಯಾಸದ ಒಂದು ನಳಿಗೆ ಇರುತ್ತದೆ. ಅದೇ ಡ್ರಮ್, ಪುಡಿಯನ್ನು ಅಕ್ಷರದ ಆಕಾರದಲ್ಲಿ ಕಾಗದಕ್ಕೆ ದಾಟಿಸುವ ಭಾಗ. ವ್ಯಾಸವನ್ನು ಪೈನಿಂದ ಗುಣಿಸಿದರೆ ಸುತ್ತಳತೆ 75.4 ಮಿಲಿಮೀಟರ್. ಡ್ರಮ್ಮಿನ ಮೈಮೇಲೆ ಒಂದು ಕಡೆ ಗಾಯವಾದರೆ, ಅದು ಪ್ರತಿ ಸುತ್ತಿಗೊಮ್ಮೆ ಕಾಗದದ ಮೇಲೆ ಒಂದು ಗುರುತು ಹಾಕುತ್ತದೆ. ಎ4 ಹಾಳೆಯ ಉದ್ದ 297 ಮಿಲಿಮೀಟರ್, ಅಂದರೆ ಪುಟಕ್ಕೆ ಹೆಚ್ಚುಕಡಿಮೆ ನಾಲ್ಕು ಸುತ್ತು. ಪುಡಿಯಲ್ಲಿ ದೋಷವಿದ್ದಿದ್ದರೆ ಅದಕ್ಕೆ ಇಷ್ಟೊಂದು ಶಿಸ್ತು ಇರುತ್ತಿರಲಿಲ್ಲ.

ಹಣ ಉಳಿಸಲು ರಿಫಿಲ್ ಮಾಡಿಸುವವರೆಲ್ಲ ಕೇಳುವುದು ಪುಡಿಯ ಬಗ್ಗೆ. ಒಳ್ಳೆಯ ಪುಡಿಯೋ, ಕೆಟ್ಟದ್ದೋ, ಎಷ್ಟು ಗ್ರಾಂ? ನಾನೂ ಹಾಗೆಯೇ ಕೇಳುತ್ತಿದ್ದೆ. ಆದರೆ ಆ ಕಪ್ಪು ಡಬ್ಬಿಯೊಳಗೆ ಬೇರೆ ಬೇರೆ ಆಯಸ್ಸಿನ ಸಾಮಾನುಗಳು ಒಟ್ಟಿಗೆ ಸಂಸಾರ ಮಾಡುತ್ತಿರುತ್ತವೆ. ಪುಡಿ ಎಲ್ಲಕ್ಕಿಂತ ಮೊದಲು ಮುಗಿಯುತ್ತದೆ. ಉಳಿದವುಗಳಲ್ಲಿ ಇನ್ನೂ ಎಷ್ಟು ಜೀವ ಇದೆ ಎಂಬುದರ ಮೇಲೆ ನಮ್ಮ ಉಳಿತಾಯ ನಿಂತಿದೆ.

ಡ್ರಮ್ಮಿನ ವಿದ್ಯೆ ಹಳೆಯದು. 1938ರ ಅಕ್ಟೋಬರ್ 22ರಂದು ನ್ಯೂಯಾರ್ಕಿನ ಅಸ್ಟೋರಿಯಾದಲ್ಲಿ, ಪೇಟೆಂಟ್ ಕಾಗದಗಳ ನಕಲು ತೆಗೆದು ತೆಗೆದು ಬೇಸತ್ತಿದ್ದ ಚೆಸ್ಟರ್ ಕಾರ್ಲ್ಸನ್ ಮತ್ತು ಅವರ ಸಹಾಯಕ ಒಟ್ಟೊ ಕೋರ್ನೈ ಒಂದು ಸತುವಿನ ತಗಡಿಗೆ ಗಂಧಕ ಬಳಿದರು. ಕತ್ತಲಲ್ಲಿ ಅದನ್ನು ಬಟ್ಟೆಯಿಂದ ಉಜ್ಜಿದರು. ಬಾಚಣಿಗೆಯನ್ನು ತಲೆಗೆ ಉಜ್ಜಿ ಕಾಗದದ ಚೂರುಗಳನ್ನು ಎತ್ತುತ್ತೇವಲ್ಲ, ಅದೇ ವಿದ್ಯುತ್ತು ಗಂಧಕದ ಮೇಲೆ ಕುಳಿತಿತು. ಗಾಜಿನ ಮೇಲೆ ಅಂದಿನ ತಾರೀಖು ಮತ್ತು ಊರಿನ ಹೆಸರು ಬರೆದು, ಅದರ ಮೂಲಕ ಬೆಳಕು ಹಾಯಿಸಿದರು. ಬೆಳಕು ಬಿದ್ದಲ್ಲೆಲ್ಲ ವಿದ್ಯುತ್ತು ಸೋರಿಹೋಯಿತು, ಅಕ್ಷರಗಳ ನೆರಳಿನಡಿ ಮಾತ್ರ ಉಳಿಯಿತು. ಲೈಕೊಪೋಡಿಯಂ ಗಿಡದ ನುಣ್ಣನೆಯ ಬೀಜಕಣಗಳನ್ನು ಉದುರಿಸಿ ಬಾಯಿಂದ ಊದಿದಾಗ, ಅಕ್ಷರವಿದ್ದಲ್ಲಿ ಪುಡಿ ಅಂಟಿಕೊಂಡೇ ಇತ್ತು. ಮೇಣದ ಕಾಗದಕ್ಕೆ ಒತ್ತಿ ತೆಗೆದರೆ ಜಗತ್ತಿನ ಮೊದಲ ಜೆರಾಕ್ಸ್ ಪ್ರತಿ ಕೈಯಲ್ಲಿತ್ತು.

ಇದನ್ನು ಕೊಳ್ಳಿರೆಂದು ಕಾರ್ಲ್ಸನ್ ಕಂಪನಿಗಳ ಬಾಗಿಲು ಬಾಗಿಲು ತಿರುಗಿದರು. ಬಹುಕಾಲ ಯಾರೂ ಕೊಳ್ಳಲಿಲ್ಲ. ಕೊನೆಗೆ 1959ರಲ್ಲಿ ಜೆರಾಕ್ಸ್ 914 ಯಂತ್ರ ಬಂದಾಗ ಅದನ್ನು ತಿಂಗಳಿಗೆ 95 ಡಾಲರ್ ಬಾಡಿಗೆಗೆ ಕೊಟ್ಟರು. ಅದರಲ್ಲಿ 2000 ಪ್ರತಿ ಸೇರಿತ್ತು, ಆಮೇಲಿನ ಪ್ರತಿಯೊಂದಕ್ಕೂ ಕೆಲವು ಸೆಂಟ್‌ಗಳು. ಯಂತ್ರವನ್ನು ಮನೆಯೊಳಗೆ ಬಿಟ್ಟು ಪುಟಕ್ಕಿಷ್ಟು ಎಂದು ವಸೂಲು ಮಾಡುವ ಬುದ್ಧಿ ಆಗಲೇ ಇತ್ತು ಎನ್ನಿ. ಅಂದಹಾಗೆ, ಆ ಯಂತ್ರದೊಳಗೆ ಕಾಗದಕ್ಕೆ ಬೆಂಕಿ ಹತ್ತುವ ಅಪಾಯವಿತ್ತೆಂದು ಜೊತೆಗೊಂದು ಅಗ್ನಿಶಾಮಕವನ್ನೂ ಕೊಡುತ್ತಿದ್ದರು.

ಇಂತಹ ಯಂತ್ರಗಳಿಗೆ ಮೆಕ್ಯಾನಿಕ್ ಪದೇ ಪದೇ ಬರಬೇಕಾಗುತ್ತಿತ್ತು. 1982ರಲ್ಲಿ ಕ್ಯಾನನ್ ಕಂಪನಿ ತನ್ನ ಪುಟ್ಟ ನಕಲು ಯಂತ್ರ ಪಿಸಿ-10ಕ್ಕೆ ಒಂದು ಉಪಾಯ ಹುಡುಕಿತು. ಕೆಡುವಂಥದ್ದನ್ನೆಲ್ಲ, ಡ್ರಮ್, ಪುಡಿ, ಒರೆಸುವ ಪಟ್ಟಿಗಳನ್ನೆಲ್ಲ, ಒಂದೇ ಡಬ್ಬಿಗೆ ತುಂಬುವುದು. ಡಬ್ಬಿ ಬದಲಿಸಿದರೆ ರಿಪೇರಿಯೇ ಮುಗಿದಂತೆ. 1984ರಲ್ಲಿ ಎಚ್‌ಪಿ ತನ್ನ ಮೊದಲ ಲೇಸರ್‌ಜೆಟ್ ತಂದದ್ದು ಕ್ಯಾನನ್ನಿನ ಈ ವ್ಯವಸ್ಥೆಯ ಮೇಲೆಯೇ. ಮೆಕ್ಯಾನಿಕ್‌ನ ಖರ್ಚು ಉಳಿಯಿತು, ನಿಜ. ಆದರೆ ಮುಷ್ಟಿಯಷ್ಟು ಪುಡಿ ಮುಗಿದಾಗಲೆಲ್ಲ ಇನ್ನೂ ದುಡಿಯಬಲ್ಲ ಡ್ರಮ್ಮನ್ನೂ ಎಸೆಯುವ ರೂಢಿ ಅಲ್ಲಿಂದ ಶುರುವಾಯಿತು. ರಿಫಿಲ್ ಅಂಗಡಿಗಳು ಹುಟ್ಟಿದ್ದೂ ಅದೇ ಸಂದಿಯಲ್ಲಿ.

ನಮ್ಮಲ್ಲಿ ತುಂಬ ಕಾಣುವ ಎಚ್‌ಪಿ 12ಎ ಕಾರ್ಟ್ರಿಜ್ಜನ್ನೇ ತೆಗೆದುಕೊಳ್ಳಿ. ಎಚ್‌ಪಿ 1020 ಪ್ರಿಂಟರಿಗೆ ಹಾಕುವುದು ಇದನ್ನೇ. ಕ್ಯಾನನ್ ಎಲ್‌ಬಿಪಿ 2900ರದ್ದು ಇದರ ದಾಯಾದಿ. ಕಂಪನಿ ಹೇಳುವ ಲೆಕ್ಕ 2000 ಪುಟ. ಆದರೆ ಆ ಪುಟವೆಂದರೆ ಶೇ. 5ರಷ್ಟು ಜಾಗಕ್ಕೆ ಮಾತ್ರ ಕಪ್ಪು ಬೀಳುವ ಪುಟ. ಎ4 ಹಾಳೆಯ ಶೇ. 5 ಎಂದರೆ ಸುಮಾರು 31 ಚದರ ಸೆಂಟಿಮೀಟರ್, ಎರಡು ಬೆಂಕಿಪೊಟ್ಟಣ ಮಗ್ಗುಲಾಗಿ ಇಟ್ಟಷ್ಟೂ ಇಲ್ಲ. ಆಧಾರ್ ಕಾರ್ಡಿನ ಕಪ್ಪಿಟ್ಟ ಫೋಟೋ ಒಂದೇ ಅದರಲ್ಲಿ ಒಂದು ಪಾಲನ್ನು ನುಂಗಿಬಿಡುತ್ತದೆ. ಹಾಗಾಗಿ ಜೆರಾಕ್ಸ್ ಅಂಗಡಿಯಲ್ಲಿ ಎರಡು ಸಾವಿರ ಪುಟ ಬಂದರೆ ಅದು ಅದೃಷ್ಟ. ಇದಕ್ಕೆ ರಿಫಿಲ್ ಮಾಡುವಾಗ ಹಾಕುವುದು 80ರಿಂದ 100 ಗ್ರಾಂ ಪುಡಿ. ಭಾಗಿಸಿ ನೋಡಿದರೆ ಪುಟಕ್ಕೆ ಒಂದು ಚಿಟಿಕೆ ಉಪ್ಪಿಗಿಂತ ಕಡಿಮೆ, 50 ಮಿಲಿಗ್ರಾಂ ಒಳಗೆ. ಡ್ರಮ್ಮಿಗೋ, ಆ 2000 ಪುಟಗಳಲ್ಲಿ ಎಂಟು ಸಾವಿರ ಸುತ್ತು. ಮೂರು ಸಲ ರಿಫಿಲ್ ಆದ ನನ್ನ ಡ್ರಮ್ ಆ ಲೆಕ್ಕದಲ್ಲಿ ಇಪ್ಪತ್ತನಾಲ್ಕು ಸಾವಿರ ಸುತ್ತು ದಾಟಿತ್ತು. ಅದರ ಮೈಮೇಲಿನ ಬೆಳಕು ಗ್ರಹಿಸುವ ಲೇಪ ಕೂದಲಿಗಿಂತ ತೆಳು. ಪ್ರತಿ ಸುತ್ತಿನಲ್ಲೂ ರಬ್ಬರಿನಂಥ ಒಂದು ಪಟ್ಟಿ ಅದನ್ನು ಉಜ್ಜಿ ಒರೆಸುತ್ತದೆ.

ಆ ಒರೆಸುವ ಪಟ್ಟಿಗೆ ವೈಪರ್ ಬ್ಲೇಡ್ ಎಂದು ಹೆಸರು. ಇನ್ನೊಂದಕ್ಕೆ ಡಾಕ್ಟರ್ ಬ್ಲೇಡ್ ಎನ್ನುತ್ತಾರೆ. ಪುಡಿಯನ್ನು ಡ್ರಮ್ಮಿನ ಹತ್ತಿರ ಒಯ್ಯುವ ಮ್ಯಾಗ್ನೆಟಿಕ್ ರೋಲರಿನ ಮೇಲೆ ಅದು ದಪ್ಪವಾಗಿ ಕೂರದಂತೆ, ದೋಸೆಹಂಚಿನ ಮೇಲಿನ ಹಿಟ್ಟನ್ನು ಸೌಟು ಹರಡುವ ಹಾಗೆ, ತೆಳ್ಳಗೆ ಸವರುವುದು ಈ ಡಾಕ್ಟರನ ಕೆಲಸ. ಪಿಸಿಆರ್ (ಪ್ರೈಮರಿ ಚಾರ್ಜ್ ರೋಲರ್) ಎಂಬ ರೋಲರ್ ಡ್ರಮ್ಮಿನ ಮೈಗೆ ಸುಮಾರು 600 ವೋಲ್ಟ್ ಋಣ ವಿದ್ಯುತ್ತು ಹಚ್ಚುತ್ತದೆ. ಕಾರ್ಲ್ಸನ್ ಬಟ್ಟೆಯಿಂದ ಉಜ್ಜಿದ್ದಕ್ಕೆ ಇದು ಬದಲಿ. ಲೇಸರ್ ಕಿರಣ ಬಿದ್ದ ಚುಕ್ಕೆಗಳಲ್ಲಿ ಆ ವಿದ್ಯುತ್ತು ಇಳಿಯುತ್ತದೆ, ಋಣ ವಿದ್ಯುತ್ತನ್ನೇ ಹೊತ್ತ ಪುಡಿ ಇಳಿದ ಜಾಗಕ್ಕೆ ಜಿಗಿಯುತ್ತದೆ. ನನ್ನ ಚುಕ್ಕೆಯ ಗುಟ್ಟೂ ಇದೇ: ಗಾಯವಾದ ಜಾಗದಲ್ಲಿ ವಿದ್ಯುತ್ತು ನಿಲ್ಲುವುದಿಲ್ಲ, ಲೇಸರ್ ಬರೆಯದಿದ್ದರೂ ಬರೆದಂತೆ ಪುಡಿ ಬಂದು ಕೂರುತ್ತದೆ.

ಇನ್ನು ಪುಡಿ. ಇದನ್ನು ಮಸಿ ಎಂದು ಕರೆದರೂ ನಿಜದಲ್ಲಿ ಪ್ಲಾಸ್ಟಿಕ್. ಸ್ಟೈರೀನ್ ಜಾತಿಯ ರಾಳ, ಬಣ್ಣಕ್ಕೆ ಇಂಗಾಲ, ಸ್ವಲ್ಪ ಮೇಣ, ವಿದ್ಯುತ್ತು ಹೊರಲು ಸಹಾಯಕ ರಾಸಾಯನಿಕ, ಹರಿದಾಡಲು ಸಿಲಿಕಾ. ಒಂದೊಂದು ಕಣವೂ ಹತ್ತು ಮೈಕ್ರಾನಿನ ಆಸುಪಾಸು. 12ಎ ತರಹದ ಕಾರ್ಟ್ರಿಜ್‌ಗಳ ಪುಡಿಯಲ್ಲಿ ಕಬ್ಬಿಣದ ಆಕ್ಸೈಡ್ ಕೂಡ ಇರುತ್ತದೆ. ಒಂದು ಕಾಗದದ ಮೇಲೆ ಚಿಟಿಕೆ ಉದುರಿಸಿ ಅಡಿಯಿಂದ ಆಯಸ್ಕಾಂತ ಹಿಡಿದರೆ ಪುಡಿ ಮುಳ್ಳುಹಂದಿಯಂತೆ ನಿಮಿರಿ ನಿಲ್ಲುತ್ತದೆ. ಎಲ್ಲ ಪ್ರಿಂಟರುಗಳ ಪುಡಿಯೂ ಹೀಗಲ್ಲ. ಆಯಸ್ಕಾಂತಕ್ಕೆ ಜಗ್ಗದ ಪುಡಿಯನ್ನು ಈ ಕಾರ್ಟ್ರಿಜ್‌ಗೆ ತುಂಬಿದರೆ ಮ್ಯಾಗ್ನೆಟಿಕ್ ರೋಲರ್ ಅದನ್ನು ಹಿಡಿದುಕೊಳ್ಳಲಾರದು. ಯಂತ್ರದೊಳಗೆಲ್ಲ ಕಪ್ಪು ಚೆಲ್ಲಾಡುತ್ತದೆ. "ಎಲ್ಲ ಮಾಡೆಲ್ಲಿಗೂ ಆಗುತ್ತದೆ" ಎಂದು ಮಾರುವ ಪುಡಿಯ ಬಗ್ಗೆ ನನಗೆ ನಂಬಿಕೆ ಇಲ್ಲದಿರುವುದಕ್ಕೆ ಇದೇ ಕಾರಣ. ಕರಗುವ ಬಿಸಿಯೂ ಹೊಂದಬೇಕು. ಕಾಗದ ಹೊರಬರುವ ಮೊದಲು ಬಿಸಿ ರೋಲರುಗಳ ನಡುವೆ ಹಾಯುವ ಆ ಕ್ಷಣದಲ್ಲಿ ಪುಡಿ ಕರಗಿ ನಾರಿಗೆ ಅಂಟಬೇಕು. ಪರೀಕ್ಷೆ ಸುಲಭ: ಬಂದ ಹಾಳೆಯ ದಪ್ಪ ಅಕ್ಷರವನ್ನು ಹೆಬ್ಬೆರಳಿನಿಂದ ಗಟ್ಟಿಯಾಗಿ ಉಜ್ಜಿ. ಬೆರಳು ಕಪ್ಪಾದರೆ ಆ ಪುಡಿ ನಿಮ್ಮ ಯಂತ್ರದ್ದಲ್ಲದೇ ಇರಬಹುದು.

ಒಮ್ಮೆ ನಾನೇ ಮನೆಯಲ್ಲಿ ತುಂಬಲು ಹೋಗಿದ್ದೆ. ಫ್ಯಾನ್ ಆರಿಸಲು ಮರೆತಿದ್ದೆ. ಮುಂದಿನದನ್ನು ವಿವರಿಸುವುದು ಬೇಡ. ಆ ಬಿಳಿ ಅಂಗಿಯನ್ನು ಬಿಸಿ ನೀರಿಗೆ ಹಾಕಿದ್ದು ಅದಕ್ಕಿಂತ ದೊಡ್ಡ ತಪ್ಪು. ಪ್ಲಾಸ್ಟಿಕ್ ಬಿಸಿಗೆ ಮೆತ್ತಗಾಗಿ ನೂಲಿಗೆ ಕಚ್ಚಿಕೊಂಡುಬಿಟ್ಟಿತು. ಟೋನರ್ ಚೆಲ್ಲಿದರೆ ಮೊದಲು ಕೊಡವಬೇಕು, ಆಮೇಲೆ ತಣ್ಣೀರು. ಮೂಗಿಗೆ ಮಾಸ್ಕ್ ಕಟ್ಟಿಕೊಳ್ಳುವುದಂತೂ ಇರಲೇಬೇಕು.

ಕೆಲಸ ಬಲ್ಲವರು ಮಾಡುವುದನ್ನು ನೋಡಿದರೆ ವ್ಯತ್ಯಾಸ ತಿಳಿಯುತ್ತದೆ. ನಮ್ಮ ಅಂಗಡಿಯವರು ಎರಡು ಬದಿಯ ಪಿನ್ನು ತೆಗೆದು ಕಾರ್ಟ್ರಿಜ್ಜನ್ನು ಎರಡು ಹೋಳು ಮಾಡುತ್ತಾರೆ. ಡ್ರಮ್ಮನ್ನು ತೆಗೆದ ತಕ್ಷಣ ಕಪ್ಪು ಬಟ್ಟೆಯಲ್ಲಿ ಸುತ್ತಿಡುತ್ತಾರೆ, ಏಕೆಂದರೆ ಬೆಳಕೇ ಅದರ ಶತ್ರು. ಬಿಸಿಲಿನಲ್ಲಿ ಡ್ರಮ್ಮನ್ನು ಕೌಂಟರ್ ಮೇಲೆ ಬಿಟ್ಟು ಚಹಾ ಕುಡಿಯಲು ಹೋಗುವ ಅಂಗಡಿ ಕಂಡರೆ ಅಲ್ಲಿಂದ ಹೊರಟುಬಿಡಿ. ವೈಪರ್ ಬ್ಲೇಡ್ ಒರೆಸಿದ ಪುಡಿ ಒಂದು ಅರೆಯಲ್ಲಿ ಶೇಖರವಾಗಿರುತ್ತದೆ. ಅದನ್ನು ಖಾಲಿ ಮಾಡದೆ ಹೊಸ ಪುಡಿ ತುಂಬಿಕೊಟ್ಟರೆ ಕೆಲವು ದಿನಗಳಲ್ಲಿ ಅದು ತುಂಬಿ ಹೊರಚೆಲ್ಲುತ್ತದೆ. ಆ ಪುಡಿಯನ್ನು ವಾಪಸು ಬಳಸುವ ಜಾಣರೂ ಇದ್ದಾರೆ. ಅದರಲ್ಲಿ ಕಾಗದದ ಧೂಳು ಬೆರೆತಿರುತ್ತದೆ, ಡ್ರಮ್ಮಿಗೆ ಗೀರು ಬೀಳಿಸಲು ಅಷ್ಟು ಸಾಕು. ಕೊನೆಗೆ ಅವರು ಮಾರ್ಕರ್ ತೆಗೆದು ಕಾರ್ಟ್ರಿಜ್ ಮಗ್ಗುಲಿಗೆ ಒಂದು ಗೆರೆ ಎಳೆಯುತ್ತಾರೆ. ನನ್ನದಕ್ಕೆ ಮೂರು ಗೆರೆಗಳಿದ್ದವು.

ಒರಿಜಿನಲ್ ಕಾರ್ಟ್ರಿಜ್‌ನ ಬೆಲೆ ನಾಲ್ಕಂಕಿ, ರಿಫಿಲ್ ಮೂರಂಕಿಯಲ್ಲೇ ಮುಗಿಯುತ್ತದೆ. ಇಷ್ಟು ಅಂತರವಿದ್ದಾಗ ತಯಾರಕರು ಸುಮ್ಮನಿರುತ್ತಾರೆಯೆ? 12ಎಗೆ ಚಿಪ್ ಇಲ್ಲ. ರಿಫಿಲ್ ಮಾಡುವವರಿಗೆ ಅದು ಇಷ್ಟು ಪ್ರಿಯವಾಗಲು ಅದೂ ಒಂದು ಕಾರಣ. ಅದರ ನಂತರದ ಎಷ್ಟೋ ಕಾರ್ಟ್ರಿಜ್‌ಗಳಲ್ಲಿ ಬೆರಳ ಉಗುರಿನಷ್ಟು ಚಿಪ್ ಕುಳಿತು, ಒಳಗೆ ಪುಡಿ ಇದ್ದರೂ "ಮುಗಿಯಿತು" ಎಂದು ಪ್ರಿಂಟರಿಗೆ ಹೇಳತೊಡಗಿತು. 2016ರ ಸೆಪ್ಟೆಂಬರಿನಲ್ಲಿ ಎಚ್‌ಪಿಯ ಕೆಲವು ಇಂಕ್‌ಜೆಟ್ (ಪುಡಿಯ ಬದಲು ಶಾಯಿ ಬಳಸುವ) ಪ್ರಿಂಟರುಗಳು ಅದುವರೆಗೆ ಒಪ್ಪುತ್ತಿದ್ದ ಬೇರೆ ಕಂಪನಿಗಳ ಕಾರ್ಟ್ರಿಜ್‌ಗಳನ್ನು ಒಮ್ಮೆಗೇ ತಿರಸ್ಕರಿಸಿದವು. ಗಲಾಟೆಯಾದ ಮೇಲೆ ಕಂಪನಿ ಆ ತಡೆಯನ್ನು ತೆಗೆಯುವ ತಂತ್ರಾಂಶವನ್ನೂ ಕೊಡಬೇಕಾಯಿತು. ಇದಕ್ಕಿಂತ ಸ್ವಾರಸ್ಯದ್ದು ಕ್ಯಾನನ್ನಿನ ಕಥೆ. 2022ರ ಆರಂಭದಲ್ಲಿ ಜಗತ್ತಿನಾದ್ಯಂತ ಚಿಪ್‌ಗಳ ಕೊರತೆ ಉಂಟಾದಾಗ ಅದು ಕೆಲವು ಟೋನರುಗಳನ್ನು ಚಿಪ್ ಇಲ್ಲದೆಯೇ ಮಾರಬೇಕಾಯಿತು. ಪ್ರಿಂಟರ್ ಎಚ್ಚರಿಕೆ ತೋರಿಸಿದರೆ ಅದನ್ನು ದಾಟಿ ಮುಂದೆ ಹೋಗುವುದು ಹೇಗೆಂದು ಜರ್ಮನಿಯ ತನ್ನ ಗ್ರಾಹಕರಿಗೆ ಕಂಪನಿಯೇ ಹೇಳಿಕೊಟ್ಟಿತು.

ಅಮೆರಿಕದಲ್ಲಿ ಈ ಜಗಳ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಲೆಕ್ಸ್‌ಮಾರ್ಕ್ ಕಂಪನಿ ರಿಯಾಯಿತಿ ದರದಲ್ಲಿ ಮಾರಿದ ಕಾರ್ಟ್ರಿಜ್‌ಗಳನ್ನು ಒಮ್ಮೆ ಮಾತ್ರ ಬಳಸಬೇಕೆಂಬ ಷರತ್ತು ಹಾಕಿತ್ತು. ವೆಸ್ಟ್ ವರ್ಜೀನಿಯಾದ ಇಂಪ್ರೆಷನ್ ಪ್ರಾಡಕ್ಟ್ಸ್ ಎಂಬ ಸಣ್ಣ ಸಂಸ್ಥೆ ಅಂಥವನ್ನು ಮತ್ತೆ ತುಂಬಿಸಿ ಮಾರುತ್ತಿತ್ತು. 2017ರ ಮೇ 30ರ ತೀರ್ಪಿನಲ್ಲಿ ನ್ಯಾಯಾಲಯ, ವಸ್ತುವನ್ನು ಮಾರಿದ ಮೇಲೆ ಅದರ ಮೇಲಿನ ಪೇಟೆಂಟ್ ಹಕ್ಕು ಅಲ್ಲಿಗೇ ತೀರಿತು ಎಂದಿತು. ಹಳೆಯ ಕಾರುಗಳನ್ನು ದುರಸ್ತಿ ಮಾಡಿ ಮಾರುವ ಗ್ಯಾರೇಜನ್ನು ಮುಖ್ಯ ನ್ಯಾಯಮೂರ್ತಿ ಜಾನ್ ರಾಬರ್ಟ್ಸ್ ಉದಾಹರಣೆಯಾಗಿ ಎತ್ತಿಕೊಂಡಿದ್ದರು.

ರಿಫಿಲ್ ಬೇಡವೆನ್ನುವವರಿಗೆ ಕಂಪ್ಯಾಟಿಬಲ್ ಇದೆ: ಬೇರೆ ಕಂಪನಿ ತನ್ನದೇ ಹೆಸರಿನಲ್ಲಿ ಮಾಡಿದ ಇಡೀ ಕಾರ್ಟ್ರಿಜ್, ಹೊಸ ಡ್ರಮ್ ಸಮೇತ. ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋದರೆ ಸಾಲು ಸಾಲಾಗಿ ಸಿಗುತ್ತವೆ. ನನ್ನ ಮಟ್ಟಿಗೆ ಅದು ಮರ್ಯಾದೆಯ ವ್ಯಾಪಾರ. ಹೆದರಬೇಕಾದದ್ದು ಒರಿಜಿನಲ್‌ನ ರಟ್ಟಿನ ಪೆಟ್ಟಿಗೆಯೊಳಗೆ ರಿಫಿಲ್ ಇಟ್ಟು ಒರಿಜಿನಲ್ ಬೆಲೆಗೇ ಮಾರುವವರಿಗೆ. ಖಾಲಿ ಕಾರ್ಟ್ರಿಜ್ ಕೊಳ್ಳುವವರು ಜೊತೆಗೆ ಪೆಟ್ಟಿಗೆಯನ್ನೂ ಕೇಳಿದರೆ, ಅದನ್ನು ಹರಿದು ಕೊಡಿ.

ಇಂಕ್‌ಜೆಟ್‌ನ ಸಂಗತಿ ಬೇರೆಯೇ. 1977ರಲ್ಲಿ ಕ್ಯಾನನ್ನಿನ ಇಚಿರೊ ಎಂಡೊ ಅವರ ಪ್ರಯೋಗಾಲಯದಲ್ಲಿ ಬೆಸುಗೆ ಹಾಕುವ ಕಾದ ಸಲಾಕೆ ಶಾಯಿ ತುಂಬಿದ ಸಿರಿಂಜಿನ ಸೂಜಿಗೆ ತಗುಲಿ ಶಾಯಿ ಚಿಮ್ಮಿತಂತೆ. ಅಲ್ಲಿಂದ ಬಂದದ್ದು, ಸೂಕ್ಷ್ಮ ಹೀಟರಿನಿಂದ ಗುಳ್ಳೆ ಎಬ್ಬಿಸಿ ಹನಿ ಚಿಮ್ಮಿಸುವ ತಂತ್ರ. ಅಂತಹ ಕಾರ್ಟ್ರಿಜ್‌ನಲ್ಲಿ ಶಾಯಿಯೇ ಹೀಟರನ್ನು ತಣ್ಣಗಿಡುವುದೂ ಹೌದು. ಪೂರ್ತಿ ಒಣಗುವವರೆಗೆ ಓಡಿಸಿ ಆಮೇಲೆ ತುಂಬಿಸಿದರೆ ಶಾಯಿ ಇರುತ್ತದೆ, ಸುಟ್ಟುಹೋದ ಹೀಟರ್ ಚಿಮ್ಮಿಸುವುದಿಲ್ಲ. ಪ್ರಿಂಟರಿನ ಹೊರಗೆ ಶಾಯಿಯ ಡಬ್ಬಿಗಳನ್ನಿಟ್ಟು ನಳಿಗೆಗಳಲ್ಲಿ ಒಳಕ್ಕೆ ಹರಿಸುವ ಉಪಾಯವನ್ನು ರಿಪೇರಿಯವರು ತಾವೇ ಹುಡುಕಿಕೊಂಡಿದ್ದರು. 2010ರಲ್ಲಿ ಎಪ್ಸನ್ ಕಂಪನಿಯೇ ಇಂಡೋನೇಷ್ಯಾದಲ್ಲಿ ಸೀಸೆಯಿಂದ ಶಾಯಿ ಸುರಿಯುವ ಪ್ರಿಂಟರನ್ನು ಮಾರುಕಟ್ಟೆಗೆ ತಂದಿತು. ಬಣ್ಣ ಹೆಚ್ಚು ಬೇಕಾದ ಮನೆಗಳಿಗೆ ನಾನು ಹೇಳುವುದು ಅಂಥದ್ದನ್ನೇ.

ಅಂಗಡಿಯವರು ಹಳೆಯ ಡ್ರಮ್ಮನ್ನು ಟ್ಯೂಬ್‌ಲೈಟಿನ ಕೆಳಗೆ ಮೆಲ್ಲಗೆ ತಿರುಗಿಸಿದರು. ಹಸಿರು ನೀಲಿ ಮೈಮೇಲೆ, ಬಲ ತುದಿಯಲ್ಲಿ, ಸೂಜಿ ಮೊನೆ ಚುಚ್ಚಿದಂಥ ಒಂದು ಗುರುತು. ಉಗುರಿಗೆ ಸಿಕ್ಕಿತು. ನಳಿಗೆಯನ್ನು ಅವರು ಮೇಜಿನಡಿಯ ಗೋಣಿಚೀಲಕ್ಕೆ ಹಾಕಿದರು. ಒಳಗೆ ಅಲ್ಯೂಮಿನಿಯಂ, ಗುಜರಿಯವರು ತೂಕದ ಲೆಕ್ಕದಲ್ಲಿ ಒಯ್ಯುತ್ತಾರಂತೆ. ಹೊಸ ಡ್ರಮ್, ಹೊಸ ವೈಪರ್ ಬ್ಲೇಡ್, ಪುಡಿ ಎಲ್ಲ ಸೇರಿದರೂ ಬಿಲ್ಲು ನಾಲ್ಕಂಕಿ ಮುಟ್ಟಲಿಲ್ಲ. ಹತ್ತಿಗೆ ಸ್ಪಿರಿಟ್ ಅದ್ದಿ ಮಗ್ಗುಲಿನ ಮೂರು ಗೆರೆಗಳನ್ನು ಒರೆಸಿದರು. ಒಣಗಿದ ಮೇಲೆ ಮಾರ್ಕರ್ ತೆಗೆದು ಒಂದು ಗೆರೆ ಎಳೆದರು.