ಕದ್ದು ಕೇಳುವ ಕಿವಿಗಳು ಮತ್ತು ಯುರೋಪಿನ ಸಂಸತ್ತು

ಹೊಸ ತಂತ್ರಜ್ಞಾನ ಬಂದಾಗಲೆಲ್ಲ ಕಾನೂನು ಮಾಡುವವರು ಇಕ್ಕಟ್ಟಿಗೆ ಸಿಕ್ಕಿಕೊಳ್ಳುತ್ತಾರೆ. ಶುರುವಿನಲ್ಲಿ ಅದನ್ನು ಬೇಕಾದ ಹಾಗೆ ತಿದ್ದಬಹುದು, ಆದರೆ ಮುಂದೆ ಏನಾಗುತ್ತದೆಂದು ಯಾರಿಗೂ ಗೊತ್ತಿರುವುದಿಲ್ಲ. ಗೊತ್ತಾಗುವ ಹೊತ್ತಿಗೆ ಅದು ಮನೆಮನೆ ಸೇರಿರುತ್ತದೆ, ತಿದ್ದುವುದು ಕಷ್ಟ. ಜೊತೆಗೆ, ಅದರ ಬಗ್ಗೆ ಪೂರ್ತಿ ಮಾಹಿತಿ ಇರುವುದು ಕಂಪನಿಗಳ ಹತ್ತಿರ, ಇಲ್ಲವೇ ಸರ್ಕಾರದ ಹತ್ತಿರ. ಅವರು ಹೇಳಿದ್ದನ್ನೇ ನಂಬಿ ಕೈ ಎತ್ತುವುದಾದರೆ ಸಂಸತ್ತು ಯಾಕೆ ಬೇಕು, ಅಲ್ವಾ?

ಹಾಗಾಗಿ ಅಮೆರಿಕದ ಕಾಂಗ್ರೆಸ್ಸು 1972ರಲ್ಲಿ ತಂತ್ರಜ್ಞಾನವನ್ನು ಅಳೆದು ನೋಡಲು ತನ್ನದೇ ಕಚೇರಿ ಮಾಡಿಕೊಂಡಿತು. 1995ರಲ್ಲಿ ಹಣ ನಿಲ್ಲಿಸಿ ಮುಚ್ಚಿಯೂ ಬಿಟ್ಟಿತು. ಅಷ್ಟರಲ್ಲಿ ಯುರೋಪಿನಲ್ಲಿ ಈ ಪದ್ಧತಿ ಬೇರುಬಿಟ್ಟಿತ್ತು. ಫ್ರಾನ್ಸಿನಲ್ಲಿ 1983ರಿಂದ ಸಂಸದರೇ ಕೂತು ವಿಚಾರಣೆ ನಡೆಸುತ್ತಾರೆ. ಬ್ರಿಟನ್ನಿನಲ್ಲಿ ನಾಲ್ಕೇ ಪುಟಗಳ ಟಿಪ್ಪಣಿ ಬರೆದು ಸಂಸದರ ಕೈಗಿಡುತ್ತಾರೆ. ಜರ್ಮನಿಯ ಸಂಸತ್ತು ಈ ಕೆಲಸವನ್ನು ಕಾರ್ಲ್ಸ್‌ರೂಹೆಯ ವಿಜ್ಞಾನಿಗಳಿಗೆ ವಹಿಸಿದೆ.

ನನಗೆ ಎಲ್ಲಕ್ಕಿಂತ ಜಾಸ್ತಿ ಇಷ್ಟವಾದದ್ದು ಡೆನ್ಮಾರ್ಕಿನ ದಾರಿ. 1987ರಲ್ಲಿ ಶುರುವಾದ ಅಲ್ಲಿನ ಸಮ್ಮೇಳನಗಳಲ್ಲಿ ಹದಿನೈದರ ಆಸುಪಾಸು ಸಾಮಾನ್ಯ ಜನರನ್ನು ಆರಿಸುತ್ತಿದ್ದರು. ವಿಷಯದಲ್ಲಿ ಅವರು ಯಾರೂ ಪರಿಣತರಲ್ಲ. ಅವರು ಮೊದಲು ಓದಿಕೊಂಡು, ಪ್ರಶ್ನೆಗಳನ್ನು ತಾವೇ ಬರೆಯುತ್ತಿದ್ದರು. ಆಮೇಲೆ ಎಲ್ಲರೆದುರು ತಜ್ಞರನ್ನು ಕೂರಿಸಿ ಕೇಳುತ್ತಿದ್ದರು. ಕೊನೆಗೆ ತಾವೇ ವರದಿ ಬರೆದು ಓದುತ್ತಿದ್ದರು. ಎಲೆಕ್ಟ್ರಾನಿಕ್ ಗುರುತಿನ ಚೀಟಿಯೂ ಹೀಗೆ ಅವರ ಮುಂದೆ ಬಂದಿತ್ತು. ಆ ಚೀಟಿಯನ್ನು ದಿನವೂ ಜೇಬಿನಲ್ಲಿ ಇಟ್ಟುಕೊಳ್ಳಬೇಕಾದವರೇ ಅದರ ಬಗ್ಗೆ ಕೇಳುವುದು ನ್ಯಾಯ ಅನ್ನಿಸುತ್ತದೆ.

ಇಂಥ ಪರಿಶೀಲನೆಗೆ ಎಷ್ಟು ಬಲವಿದೆ ಎಂದು ತೋರಿಸಿದ್ದು 'ಎಷಲಾನ್' ಎಂಬ ಕದ್ದಾಲಿಕೆ ಜಾಲದ ಪ್ರಕರಣ. ಯುರೋಪಿಯನ್ ಪಾರ್ಲಿಮೆಂಟಿನಲ್ಲಿ 1987ರಿಂದ ತಂತ್ರಜ್ಞಾನವನ್ನು ಅಳೆದು ನೋಡುವ 'ಸ್ಟೋವಾ' ಎಂಬ ಘಟಕವಿದೆ. ಅದು ಬರೆಸಿದ ಒಂದು ವರದಿ 1998ರಲ್ಲಿ ಸುದ್ದಿಯಾಯಿತು. ಯುರೋಪಿನ ಎಲ್ಲ ಫೋನ್, ಫ್ಯಾಕ್ಸ್, ಇಮೇಲ್‌ಗಳನ್ನೂ ಅಮೆರಿಕದ ಗೂಢಚಾರ ಸಂಸ್ಥೆ ಎನ್‌ಎಸ್‌ಎ ಕದ್ದು ಕೇಳುತ್ತಿದೆ ಎಂದು ಅದರ ಒಂದು ಸಣ್ಣ ಭಾಗದಲ್ಲಿ ಬರೆದಿತ್ತು. ದೊಡ್ಡ ಗದ್ದಲವೇ ಎದ್ದಿತು. ಸಂಸದರು ಇನ್ನಷ್ಟು ವರದಿ ತರಿಸಿಕೊಂಡರು, 2000ದಲ್ಲಿ ಇದಕ್ಕೆಂದೇ ತಾತ್ಕಾಲಿಕ ಸಮಿತಿಯನ್ನು ಮಾಡಿದರು.

ಸಮಿತಿ ಹೇಳಿದ್ದು ಹೀಗೆ: ಕದ್ದಾಲಿಸುವ ಜಾಲ ಇರುವುದು ನಿಜ, ಅದರಲ್ಲಿ ಅನುಮಾನವಿಲ್ಲ. ಆದರೆ 'ಎಲ್ಲವನ್ನೂ' ಕೇಳುತ್ತಿದೆ ಎಂಬ ಮಾತು ನಿಲ್ಲುವುದಿಲ್ಲ. ಆ ಜಾಲ ಮುಖ್ಯವಾಗಿ ಹಿಡಿಯುವುದು ಉಪಗ್ರಹದ ಸಂಕೇತಗಳನ್ನು, ಹೆಚ್ಚಿನ ಸಂದೇಶಗಳು ಹೋಗುವುದೋ ಕೇಬಲ್ಲಿನಲ್ಲಿ. ತಾನೇ ತರಿಸಿಕೊಂಡ ವರದಿಯ ಅತಿ ಮಾತನ್ನು ಸಂಸತ್ತೇ ತೂಗಿ ನೋಡಿ ಇಳಿಸಿತು. ಈ ಪ್ರಾಮಾಣಿಕತೆಗೆ ನಾನು ತಲೆಬಾಗುತ್ತೇನೆ.

2001ರ ಸೆಪ್ಟೆಂಬರ್ 5ರಂದು ನಿರ್ಣಯ ಪಾಸಾಯಿತು. ಜನರ ಇಮೇಲ್‌ಗಳು ಕಳಿಸಿದವರು, ಪಡೆದವರು ಬಿಟ್ಟು ಬೇರೆ ಯಾರೂ ಓದಲಾಗದ ಗೂಢಲಿಪಿಯಲ್ಲಿ ಹೋಗುವಂತಾಗಬೇಕು, ಅದಕ್ಕೆ ಬೇಕಾದ ತಂತ್ರಾಂಶವನ್ನು ಬೆಳೆಸಬೇಕು ಎಂದು ಅದರಲ್ಲಿತ್ತು. ಆರೇ ದಿನಕ್ಕೆ ನ್ಯೂಯಾರ್ಕಿನ ಅವಳಿ ಗೋಪುರಗಳು ಉರುಳಿದವು. ಆಮೇಲೆ ಕದ್ದಾಲಿಕೆಯನ್ನು ತಡೆಯುವ ಮಾತು ಯಾರಿಗೆ ಬೇಕಿತ್ತು? 2013ರಲ್ಲಿ ಎನ್‌ಎಸ್‌ಎಗೆ ಕೆಲಸ ಮಾಡಿದ್ದ ಎಡ್ವರ್ಡ್ ಸ್ನೋಡೆನ್ ಅದರ ದಾಖಲೆಗಳನ್ನು ಹೊರಹಾಕಿದಾಗ ಕೇಬಲ್ಲುಗಳಿಗೂ ಕಿವಿ ಹಚ್ಚಿದ್ದು ಗೊತ್ತಾಯಿತು. 2016ರಲ್ಲಿ ವಾಟ್ಸಾಪ್ ಎಲ್ಲ ಸಂದೇಶಗಳಿಗೂ ಗೂಢಲಿಪಿ ಹಾಕಿತು.

ಈಗ ಅದೇ ಗೂಢಲಿಪಿಯ ಮೇಲೆ ಒತ್ತಡ ಬಂದಿದೆ. ಮಕ್ಕಳ ಲೈಂಗಿಕ ಶೋಷಣೆಯ ಚಿತ್ರಗಳನ್ನು ಹಿಡಿಯಲು ಖಾಸಗಿ ಸಂದೇಶಗಳನ್ನೂ ತಪಾಸಣೆ ಮಾಡಿಸಬಹುದು ಎಂಬ ಕಾನೂನಿನ ಕರಡನ್ನು ಯುರೋಪಿಯನ್ ಒಕ್ಕೂಟದ ಆಡಳಿತ ನಡೆಸುವ ಯುರೋಪಿಯನ್ ಕಮಿಷನ್ 2022ರಲ್ಲಿ ಮುಂದಿಟ್ಟಿತು. ಉದ್ದೇಶದ ಬಗ್ಗೆ ಯಾರದ್ದೂ ತಕರಾರಿಲ್ಲ. ಆದರೆ ಪಾರ್ಲಿಮೆಂಟು ಕಮಿಷನ್ನಿನ ಲೆಕ್ಕವನ್ನು ಸುಮ್ನೆ ಒಪ್ಪಿಕೊಳ್ಳಲಿಲ್ಲ. ತನ್ನ ಸಂಶೋಧನಾ ವಿಭಾಗದಿಂದ ಬೇರೆಯೇ ಅಧ್ಯಯನ ಮಾಡಿಸಿತು. ಹಿಂದೆ ಗುರುತಿಸಿರದ ಹೊಸ ಚಿತ್ರಗಳನ್ನು ಜಾಸ್ತಿ ತಪ್ಪಿಲ್ಲದೆ ಹಿಡಿಯುವ ತಂತ್ರಜ್ಞಾನ ಸದ್ಯಕ್ಕೆ ಇಲ್ಲ ಎಂದು 2023ರಲ್ಲಿ ಉತ್ತರ ಬಂತು. ಅದೇ ನವೆಂಬರಿನಲ್ಲಿ ಪಾರ್ಲಿಮೆಂಟು ತನ್ನ ನಿಲುವು ತಿಳಿಸುವಾಗ, ಗೂಢಲಿಪಿಯಲ್ಲಿ ಹೋಗುವ ಸಂದೇಶಗಳನ್ನು ಈ ತಪಾಸಣೆಯಿಂದ ಹೊರಗಿಟ್ಟಿತು.