ಬೆಳಕಿನ ಸೆರಗು

ಗಾಜಿನ ಎಳೆಯಿಂದ ಬೆಳಕು ಸೋರಿಹೋಗದಂತೆ ನೋಡಿಕೊಳ್ಳಲು ಎಂಜಿನಿಯರುಗಳು ದಶಕಗಳ ಕಾಲ ಹೆಣಗಿದರು. ಮನೆಗೆ ಇಂಟರ್ನೆಟ್ ತರುವ ಆಪ್ಟಿಕಲ್ ಫೈಬರ್ ಆ ಶ್ರಮದ ಫಲ. ಅದರ ತಿರುಳು ಸುಮಾರು 9 ಮೈಕ್ರೋಮೀಟರ್ ದಪ್ಪ; ಸುತ್ತಲಿನ ಗಾಜಿನ ಹೊದಿಕೆಯೂ ಸೇರಿದರೆ 125 ಮೈಕ್ರೋಮೀಟರ್. ಇದೇ ಎಳೆಯಿಂದ ರೋಗದ ಕುರುಹನ್ನು ಹುಡುಕಬೇಕೆನ್ನುವವರು ಅದನ್ನು ಹೈಡ್ರೋಫ್ಲೋರಿಕ್ ಆಮ್ಲದಲ್ಲಿ ಅದ್ದಿ, ಅಷ್ಟು ಜತನದಿಂದ ಹೊದಿಸಿದ ಹೊದಿಕೆಯನ್ನೇ ಕರಗಿಸುತ್ತಾರೆ.

ತಿರುಳಿನ ಅಂಚಿಗೆ ಬಡಿದ ಬೆಳಕು ಸಂಪೂರ್ಣವಾಗಿ ಒಳಕ್ಕೇ ಪ್ರತಿಫಲಿಸುತ್ತದೆ ಎಂದು ಶಾಲೆಯಲ್ಲಿ ಓದಿದ್ದೇವೆ. ಆದರೆ ಬೆಳಕು ಒಂದು ಅಲೆ; ಗಡಿಯಲ್ಲಿ ಅದು ಕತ್ತರಿಸಿದಂತೆ ನಿಂತುಬಿಡುವುದಿಲ್ಲ. ಬಾಗಿಲು ಮುಚ್ಚಿದ ಮೇಲೂ ಸೆರಗಿನ ತುದಿ ಹೊರಗೆ ಉಳಿದಂತೆ, ಅಲೆಯ ಅಂಚು ಗಾಜಿನಾಚೆಗೆ ತನ್ನ ತರಂಗಾಂತರದ ಆಸುಪಾಸಿನಷ್ಟು ದೂರ ಚಾಚಿ ಕ್ಷೀಣಿಸುತ್ತದೆ. ಹೊದಿಕೆ ಹೋದರೆ ಆ ಸೆರಗು ಹೊರಗಿನ ದ್ರವವನ್ನು ಸೋಕುತ್ತದೆ. ಅದರ ಕೈಗೆಟುಕುವುದು ಎಳೆಗೆ ತೀರ ಹತ್ತಿರವಿರುವ ಅಣುಗಳು ಮಾತ್ರ. ನನ್ನನ್ನು ಅತಿಯಾಗಿ ಬೆರಗುಗೊಳಿಸುವುದು ಇದೇ. ದೂರದಲ್ಲಿ ತೇಲುವ ಸಾವಿರ ವಸ್ತುಗಳನ್ನು ಬಿಟ್ಟು, ಮೈಗೆ ಅಂಟಿದ್ದನ್ನಷ್ಟೇ ಬೆಳಕು ಗಮನಿಸುತ್ತದೆ.

ಹಾಗಾದರೆ ಬೇಕಾದದ್ದೇ ಅಂಟುವಂತೆ ಮಾಡಬೇಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎಸ್. ಅಶೋಕನ್, ಎ. ಕೆ. ಸೂದ್ ಮತ್ತು ಸಂಗಡಿಗರು 2015ರಲ್ಲಿ ಪ್ರಕಟಿಸಿದ ಸಂಶೋಧನೆಯಲ್ಲಿ, ಹೊದಿಕೆ ಕರಗಿಸಿದ ಎಳೆಗೆ ಗ್ರಾಫೀನ್ ಆಕ್ಸೈಡ್ ಎಂಬ ಇಂಗಾಲದ ತೆಳು ಹಾಳೆಯಂಥ ವಸ್ತುವನ್ನೂ, ನಿರ್ದಿಷ್ಟ ಅಣುವಿಗೆ ಮಾತ್ರ ಅಂಟುವ ಪ್ರತಿಕಾಯಗಳನ್ನೂ ಲೇಪಿಸಿದ್ದರು. ಅವರು ಹುಡುಕಿದ್ದು ಸಿ-ರಿಯಾಕ್ಟಿವ್ ಪ್ರೋಟೀನನ್ನು. ದೇಹದಲ್ಲಿ ಉರಿಯೂತವಾದಾಗ ಯಕೃತ್ತು ರಕ್ತಕ್ಕೆ ಬಿಡುವ ಈ ಪ್ರೋಟೀನು ಲೀಟರಿಗೆ 0.01 ಮಿಲಿಗ್ರಾಂ ಇದ್ದರೂ ಎಳೆ ಪತ್ತೆಮಾಡಿತು. ಯೂರಿಯಾ, ಕ್ರಿಯಾಟಿನಿನ್, ಗ್ಲೂಕೋಸ್ ಬೆರೆತಿದ್ದಾಗಲೂ ಅದು ದಾರಿ ತಪ್ಪಲಿಲ್ಲ. ಬಣ್ಣ ಬರಿಸುವ ರಾಸಾಯನಿಕವನ್ನೂ ಬೆರೆಸಬೇಕಾಗಲಿಲ್ಲ.

ಅಂಟಿತೆಂದು ತಿಳಿಯುವುದು ಹೇಗೆ? ತಿರುಳಿನೊಳಗೆ ಮೊದಲೇ, ಸುಮಾರು ಅರ್ಧ ಮೈಕ್ರೋಮೀಟರಿಗೊಂದರಂತೆ, ಅತಿನೇರಳೆ ಬೆಳಕಿನಿಂದ ಸಾವಿರಾರು ಪಟ್ಟಿಗಳನ್ನು ಮೂಡಿಸಿರುತ್ತಾರೆ. ಇದರ ಹೆಸರು ಫೈಬರ್ ಬ್ರ್ಯಾಗ್ ಗ್ರೇಟಿಂಗ್. ಕೆನಡಾದ ಕೆನೆತ್ ಹಿಲ್ ಮತ್ತು ಸಂಗಡಿಗರು ಇಂಥ ಪಟ್ಟಿಗಳನ್ನು ಮೊದಲು ತೋರಿಸಿದ್ದು 1978ರಲ್ಲಿ. ಹರಿದುಬರುವ ಬೆಳಕಿನಲ್ಲಿ ಒಂದು ತರಂಗಾಂತರವನ್ನು ಮಾತ್ರ ಈ ಪಟ್ಟಿಗಳು ಹಿಂದಕ್ಕೆ ಕಳುಹಿಸುತ್ತವೆ. ಪ್ರತಿಕಾಯಕ್ಕೆ ಪ್ರೋಟೀನು ಅಂಟಿಕೊಂಡಾಗ ಎಳೆಯ ಮೇಲ್ಮೈಯ ವಕ್ರೀಭವನಾಂಕ, ಅಂದರೆ ಬೆಳಕನ್ನು ಬಾಗಿಸುವ ಪ್ರಮಾಣ, ಬದಲಾಗಿ, ಮರಳುವ ತರಂಗಾಂತರ ತುಸು ಜರುಗುತ್ತದೆ. ಅಂಟಿದ ಪ್ರೋಟೀನು ಹೆಚ್ಚಿದಷ್ಟೂ ಜರುಗುವಿಕೆ ಹೆಚ್ಚು.

ತೊಡಕು ಇರುವುದು ಬಿಸಿಯಲ್ಲಿ. 1550 ನ್ಯಾನೋಮೀಟರ್ ತರಂಗಾಂತರದ ಆಸುಪಾಸಿನಲ್ಲಿ ಉಷ್ಣತೆ ಒಂದು ಡಿಗ್ರಿ ಸೆಲ್ಸಿಯಸ್ ಏರಿದರೂ ಮರಳುವ ತರಂಗಾಂತರ ಸುಮಾರು 10 ಪಿಕೋಮೀಟರ್, ಅಂದರೆ ನ್ಯಾನೋಮೀಟರಿನ ನೂರರಲ್ಲೊಂದು ಪಾಲು, ಜರುಗುತ್ತದೆ. ಯಾರೋ ಕಿಟಕಿ ತೆರೆದದ್ದನ್ನೇ ಉರಿಯೂತವೆಂದು ಓದಿಬಿಡುವ ಅಪಾಯವಿದೆ. ಅದಕ್ಕಾಗಿ ಅದೇ ಎಳೆಯಲ್ಲಿ ಹೊದಿಕೆ ಕರಗಿಸದ ಇನ್ನೊಂದು ಗ್ರೇಟಿಂಗನ್ನು ಪಕ್ಕದಲ್ಲೇ ಉಳಿಸಿಕೊಳ್ಳುವ ಉಪಾಯವಿದೆ. ಅದಕ್ಕೆ ಬಿಸಿ ತಟ್ಟುತ್ತದೆ, ದ್ರವ ತಟ್ಟುವುದಿಲ್ಲ. ಅದರಿಂದ ಬಿಸಿಯ ಪಾಲನ್ನು ಅಳೆದು, ಹೊದಿಕೆಯಿಲ್ಲದ ಗ್ರೇಟಿಂಗಿನ ಲೆಕ್ಕದಿಂದ ಕಳೆಯುತ್ತಾರೆ.