ಡೀಲಿಯಾ ಡರ್ಬಿಶೈರ್ ಹೆಸರು ಪರದೆಗೆ ಬರಲು 50 ವರ್ಷ ಯಾಕೆ ಹಿಡಿಯಿತು?

ಬಿಬಿಸಿಯ ‘ಡಾಕ್ಟರ್ ಹೂ’ ಧಾರಾವಾಹಿ ಶುರುವಾಗಿದ್ದು 1963ರ ನವೆಂಬರ್ 23ರಂದು. ಕಾಲದಲ್ಲಿ ಹಿಂದಕ್ಕೂ ಮುಂದಕ್ಕೂ ಓಡಾಡುವ ಒಬ್ಬ ವಿಚಿತ್ರ ಮನುಷ್ಯನ ಕಥೆ ಅದು. ಕಥೆ ಶುರುವಾಗುವ ಮೊದಲೇ ನೋಡುಗರನ್ನು ಹಿಡಿದು ಕೂರಿಸುತ್ತಿದ್ದದ್ದು ಅದರ ಶೀರ್ಷಿಕೆ ಸಂಗೀತ. ಎದೆಯೊಳಗೆ ಗುದ್ದಿದಂಥ ಬಾಸ್, ಅಂದರೆ ತಗ್ಗಿನ ದಪ್ಪ ಸ್ವರ, ಅದರ ಮೇಲೆ ಊಳಿಡುತ್ತಾ ಏರಿಳಿಯುವ ರಾಗ. ಅದನ್ನು ತಯಾರಿಸಿದವರು 26 ವರ್ಷದ ಡೀಲಿಯಾ ಡರ್ಬಿಶೈರ್. ಆದರೆ ಆ ಧಾರಾವಾಹಿಯ ಹೆಸರುಪಟ್ಟಿಯಲ್ಲಿ ಅವರ ಹೆಸರು ಮೊದಲ ಸಲ ಬಂದಿದ್ದು 2013ರಲ್ಲಿ, ಐವತ್ತನೇ ವರ್ಷದ ವಿಶೇಷ ಕಂತಿನಲ್ಲಿ. ಅಷ್ಟರಲ್ಲಿ ಅವರು ತೀರಿಕೊಂಡು 12 ವರ್ಷ ಆಗಿತ್ತು.

ಯಾರೋ ಒಬ್ಬರ ಹಗೆಯಿಂದ ಹೀಗಾಗಲಿಲ್ಲ. ಹಾಗಾಗಿದ್ದರೆ ಇಷ್ಟು ವರ್ಷ ಉಳಿಯುತ್ತಲೂ ಇರಲಿಲ್ಲ. ಇದಕ್ಕೆ ಕಾರಣ ಒಂದು ಕಚೇರಿ ನಿಯಮ. ಆ ನಿಯಮದ ಸುತ್ತ ಆಗಿನ ಕಾಲದ ಇನ್ನೂ ಕೆಲವು ರೂಢಿಗಳು ಸೇರಿಕೊಂಡಿದ್ದವು.

ಡೀಲಿಯಾ ಹುಟ್ಟಿದ್ದು 1937ರ ಮೇ 5ರಂದು, ಇಂಗ್ಲೆಂಡಿನ ಕವೆಂಟ್ರಿಯಲ್ಲಿ. ತಂದೆ ತಗಡಿನ ಕೆಲಸಗಾರ. 1940ರ ನವೆಂಬರಿನಲ್ಲಿ ಜರ್ಮನ್ ವಿಮಾನಗಳು ಆ ಊರನ್ನು ಸುಟ್ಟು ಹಾಕಿದವು. ಮೂರು ವರ್ಷದ ಮಗುವನ್ನು ಉತ್ತರದ ಪ್ರೆಸ್ಟನ್‌ಗೆ ಕರೆದುಕೊಂಡು ಹೋದರು. ವಿಮಾನದಾಳಿಯ ಸೈರನ್ನೇ ತಮ್ಮ ಮೊದಲ ಎಲೆಕ್ಟ್ರಾನಿಕ್ ಸಂಗೀತ ಎಂದು ಡೀಲಿಯಾ ಮುಂದೆ ಹೇಳುತ್ತಿದ್ದರು. ಬೆಳಗಿನ ಜಾವ ಕಲ್ಲುಹಾಸಿನ ಬೀದಿಯಲ್ಲಿ ಗಿರಣಿ ಕೆಲಸಗಾರರ ಮರದ ಅಟ್ಟೆಯ ಪಾದರಕ್ಷೆಗಳು ಮಾಡುತ್ತಿದ್ದ ಸದ್ದನ್ನೂ ಅವರು ಮರೆಯಲಿಲ್ಲ. ಎಲ್ಲಿಂದಲೋ ಬರುವ, ಯಾವ ವಾದ್ಯದ್ದೂ ಅಲ್ಲದ ಸದ್ದುಗಳು ಅವರಿಗೆ ಚಿಕ್ಕಂದಿನಲ್ಲೇ ಹೀಗೆ ಪರಿಚಯವಾದವು.

ಕೇಂಬ್ರಿಜ್‌ನ ಗರ್ಟನ್ ಕಾಲೇಜಿನಲ್ಲಿ ಗಣಿತ ಓದಲು ಸ್ಕಾಲರ್‌ಶಿಪ್ ಸಿಕ್ಕಿತು. ಒಂದು ವರ್ಷದ ನಂತರ ಸಂಗೀತಕ್ಕೆ ಬದಲಾಯಿಸಿಕೊಂಡರು. 1959ರಲ್ಲಿ ಪದವಿ ಮುಗಿಸಿ ಡೆಕ್ಕಾ ರೆಕಾರ್ಡ್ ಕಂಪನಿಗೆ ಕೆಲಸ ಕೇಳಿದಾಗ, ರೆಕಾರ್ಡಿಂಗ್ ಸ್ಟುಡಿಯೊದಲ್ಲಿ ಹೆಂಗಸರನ್ನು ತೆಗೆದುಕೊಳ್ಳುವುದಿಲ್ಲ ಎಂಬ ಉತ್ತರ ಬಂತು. ಗಣಿತ, ಸಂಗೀತ ಎರಡೂ ಬಲ್ಲವರಿಗೆ ಸಿಕ್ಕ ಉತ್ತರ ಇದು. ಸ್ವಲ್ಪ ಕಾಲ ಜಿನೀವಾದಲ್ಲಿ ಮಕ್ಕಳಿಗೆ ಪಾಠ ಹೇಳಿ, ಲಂಡನ್ನಿನಲ್ಲಿ ಸಂಗೀತ ಪ್ರಕಾಶಕರೊಬ್ಬರ ಬಳಿ ಕೆಲಸ ಮಾಡಿ, 1960ರಲ್ಲಿ ಬಿಬಿಸಿ ಸೇರಿದರು.

ಬಿಬಿಸಿಯ ಮೈಡಾ ವೇಲ್ ಸ್ಟುಡಿಯೊದಲ್ಲಿ ಆಗ ರೇಡಿಯೊಫೋನಿಕ್ ವರ್ಕ್‌ಶಾಪ್ ಎಂಬ ಸಣ್ಣ ವಿಭಾಗ ಇತ್ತು. 1958ರಲ್ಲಿ ಅದನ್ನು ಶುರು ಮಾಡಿಸಿದವರು ಡ್ಯಾಫ್ನೆ ಓರಾಮ್ ಮತ್ತು ಡೆಸ್ಮಂಡ್ ಬ್ರಿಸ್ಕೋ. ರೇಡಿಯೊ ನಾಟಕಗಳಿಗೆ ಬೇಕಾದ ವಿಚಿತ್ರ ಸದ್ದುಗಳನ್ನು ಒದಗಿಸುವುದು ಅದರ ಕೆಲಸ. ಅಲ್ಲಿ ತಯಾರಾಗುವುದನ್ನು ಸಂಗೀತ ಅಂತ ಒಪ್ಪಲು ಬಿಬಿಸಿಗೆ ಮನಸ್ಸಿರಲಿಲ್ಲ. ಅಲ್ಲಿನವರು ಕಾಗದಪತ್ರದಲ್ಲಿ ಸಂಗೀತಗಾರರಲ್ಲ, ಸ್ಟುಡಿಯೊ ಸಿಬ್ಬಂದಿ. ಸಿಬ್ಬಂದಿಗೆ ಸಂಬಳ ಉಂಟು, ಹೆಸರು ಇಲ್ಲ. ಕಾರ್ಯಕ್ರಮದ ಕೊನೆಯಲ್ಲಿ ಬರುತ್ತಿದ್ದದ್ದು ವಿಭಾಗದ ಹೆಸರು ಮಾತ್ರ. ಸ್ವತಃ ಸಂಗೀತ ರಚಿಸುವ ಆಸೆ ಇದ್ದ ಓರಾಮ್ ಒಂದೇ ವರ್ಷದೊಳಗೆ ಬೇಸತ್ತು ಕೆಲಸ ಬಿಟ್ಟರು.

ಆ ಕೋಣೆಯಲ್ಲಿ ಜಾಸ್ತಿ ದಿನ ಇದ್ದರೆ ತಲೆ ಕೆಡುತ್ತದೆ ಎಂಬ ಭಯವೂ ಬಿಬಿಸಿಯಲ್ಲಿತ್ತು. ಅಂಥ ಕಡೆಗೆ ಡೀಲಿಯಾ ತಾವಾಗೇ ಕೇಳಿಕೊಂಡು 1962ರಲ್ಲಿ ಹೋದರು. 11 ವರ್ಷ ಅಲ್ಲೇ ಉಳಿದರು.

ಈಗ ಆ ಶೀರ್ಷಿಕೆ ಸಂಗೀತಕ್ಕೆ ಬರೋಣ. ರಾಗ ಬರೆದವರು ರಾನ್ ಗ್ರೇನರ್. ಅವರು ಕೊಟ್ಟಿದ್ದು ಒಂದು ಹಾಳೆಯಷ್ಟು ಬರಹ. ಅದರಲ್ಲಿ ಸ್ವರಗಳ ಜೊತೆ ಗಾಳಿಗುಳ್ಳೆ, ಮೋಡ ಎಂಬಂಥ ಸೂಚನೆಗಳಿದ್ದವು. ಗಾಳಿಗುಳ್ಳೆಯ ಸದ್ದು ಹೇಗಿರುತ್ತದೆ? ಅದನ್ನು ಕಂಡುಹಿಡಿಯುವುದು ಡೀಲಿಯಾ ಪಾಲಿಗೆ ಬಂತು. ಆಗ ಅಲ್ಲಿ ಸಿಂಥಸೈಜರ್ ಇರಲಿಲ್ಲ. ಕೀಲಿಮಣೆ ಒತ್ತಿದರೆ ಸ್ವರ ಬರುವ ಕಾಲ ಅದಲ್ಲ. ಇದ್ದದ್ದು ಯಂತ್ರ ಪರೀಕ್ಷೆಗೆ ಬಳಸುವ, ಒಂದೇ ಸಮನೆ ಸ್ವರ ಹೊರಡಿಸುವ ಆಸಿಲೇಟರುಗಳು, ಟೇಪ್ ರೆಕಾರ್ಡರುಗಳು, ಬ್ಲೇಡು, ಅಂಟುಪಟ್ಟಿ.

ಬಾಸ್‌ಗೆ ಒಂದೇ ತಂತಿಯನ್ನು ಮೀಟಿ ರೆಕಾರ್ಡ್ ಮಾಡಿದರು. ಅದೇ ಸದ್ದನ್ನು ಬೇರೆ ಬೇರೆ ವೇಗದಲ್ಲಿ ಓಡಿಸಿ ಬೇರೆ ಬೇರೆ ಸ್ವರ ಮಾಡಿಕೊಂಡರು. ಟೇಪ್ ವೇಗವಾಗಿ ಓಡಿದರೆ ಸ್ವರ ಏರುತ್ತದೆ, ನಿಧಾನವಾದರೆ ಇಳಿಯುತ್ತದೆ. ಊಳಿಡುವ ರಾಗಕ್ಕೆ ಆಸಿಲೇಟರಿನ ಗುಂಡಿಯನ್ನು ಕೈಯಿಂದ ತಿರುಗಿಸಿದರು. ಮೋಡಗಳಿಗೆ, ಗುಳ್ಳೆಗಳಿಗೆ ಬಿಳಿ ಗದ್ದಲವನ್ನು (ಎಲ್ಲ ಸ್ವರಗಳೂ ಬೆರೆತ ‘ಸ್‌ಸ್’ ಎನ್ನುವ ಸದ್ದು) ಸೋಸಿ ತೆಗೆದರು. ಆಮೇಲೆ ಪ್ರತಿಯೊಂದು ಸ್ವರವನ್ನೂ ಅಳತೆಗೆ ಕತ್ತರಿಸಿ ಸಾಲಾಗಿ ಅಂಟಿಸಿದರು. ಟೇಪ್ ಸೆಕೆಂಡಿಗೆ 15 ಇಂಚು ಓಡುತ್ತದೆ ಅಂದುಕೊಳ್ಳಿ. ಆಗ ಅರ್ಧ ಸೆಕೆಂಡಿನ ಸ್ವರ ಅಂದರೆ ಏಳೂವರೆ ಇಂಚಿನ ತುಂಡು. ತಾಳವನ್ನು ಇಲ್ಲಿ ಸ್ಕೇಲಿನಲ್ಲಿ ಅಳೆಯಬೇಕು. ಗಣಿತ ಓದಿದ್ದು ಎಲ್ಲಿ ಕೆಲಸಕ್ಕೆ ಬಂತು ನೋಡಿ!

ಬಾಸ್, ರಾಗ, ಗುಳ್ಳೆ ಎಲ್ಲವೂ ಬೇರೆ ಬೇರೆ ಟೇಪುಗಳಲ್ಲಿದ್ದವು. ಒಂದೇ ಟೇಪಿನಲ್ಲಿ ಹಲವು ಪದರ ಹಿಡಿಯುವ ಯಂತ್ರ ಇರಲಿಲ್ಲ. ಹಲವು ಯಂತ್ರಗಳನ್ನು ಒಟ್ಟಿಗೆ ಚಾಲೂ ಮಾಡಿ, ಹೊಂದಿಕೊಂಡರೆ ಇನ್ನೊಂದು ಟೇಪಿಗೆ ಇಳಿಸಿಕೊಳ್ಳಬೇಕು. ಒಮ್ಮೆ ಎಲ್ಲೋ ಒಂದು ಸ್ವರ ತಪ್ಪಿತ್ತು. ಎಲ್ಲಿ ಅಂತ ಕಿವಿಗೆ ಸಿಗಲಿಲ್ಲ. ಡೀಲಿಯಾ ಮತ್ತು ಸಹಾಯಕ ಡಿಕ್ ಮಿಲ್ಸ್ ಟೇಪುಗಳನ್ನು ಮೈಡಾ ವೇಲ್‌ನ ಉದ್ದನೆಯ ಕಾರಿಡಾರಿನಲ್ಲಿ ಪಕ್ಕಪಕ್ಕದಲ್ಲಿ ಬಿಚ್ಚಿ ಹಾಸಿದರು. ಅಂಟಿಸಿದ ಜಾಗಗಳನ್ನು ಕಣ್ಣಿನಿಂದ ಹೋಲಿಸುತ್ತಾ ಹೋಗಿ ತಪ್ಪು ಹಿಡಿದರು.

ಕೇಳಿದ ಗ್ರೇನರ್ ಬೆರಗಾದರು. ಇದನ್ನು ನಾನೇ ಬರೆದೆನೇ ಎಂದು ಅವರು ಕೇಳಿದ್ದು ಪ್ರಸಿದ್ಧ. ಡೀಲಿಯಾ ಹೆಸರನ್ನೂ ಸಹ ರಚನಕಾರರಾಗಿ ಸೇರಿಸಬೇಕು ಎಂದು ಗ್ರೇನರ್ ಬಯಸಿದರು. ಹಾಗಾಗಿದ್ದರೆ ರಾಯಲ್ಟಿಯಲ್ಲೂ ಅವರಿಗೆ ಪಾಲು ಸಿಗುತ್ತಿತ್ತು. ಬಿಬಿಸಿ ಒಪ್ಪಲಿಲ್ಲ. ಸಿಬ್ಬಂದಿಗೆ ಹೆಸರಿಲ್ಲ ಎಂಬ ನಿಯಮ ಅಡ್ಡ ಬಂತು.

ಈ ನಿಯಮ ಗಂಡಸರಿಗೂ ಇತ್ತು, ಅದು ನಿಜ. ಡಿಕ್ ಮಿಲ್ಸ್, ಅದೇ ವಿಭಾಗದ ಬ್ರಿಯಾನ್ ಹಾಜ್ಸನ್ ಅವರ ಕೆಲಸವೂ ವಿಭಾಗದ ಹೆಸರಿನ ಹಿಂದೆ ಅಡಗಿತ್ತು. ಆದರೆ ಪೆಟ್ಟು ಎಲ್ಲರಿಗೂ ಒಂದೇ ಥರ ಬೀಳಲಿಲ್ಲ ಎಂದು ನನಗೆ ಅನಿಸುತ್ತದೆ. ಡೀಲಿಯಾ ಪಾಲಿಗೆ ಒಂದು ದೊಡ್ಡ ಸ್ಟುಡಿಯೊ, ಹೆಂಗಸು ಎಂಬ ಕಾರಣಕ್ಕೇ, ಬಾಗಿಲು ಹಾಕಿತ್ತು. ತೆರೆದಿದ್ದ ಬಾಗಿಲ ಒಳಗೆ ಹೆಸರು ಹೇಳಿಕೊಳ್ಳುವಂತಿರಲಿಲ್ಲ.

ಒಂದು ಶೀರ್ಷಿಕೆ ಸಂಗೀತಕ್ಕೇ ಅವರನ್ನು ಕಟ್ಟಿಹಾಕುವುದೂ ಅನ್ಯಾಯ. ಸುಮಾರು 200 ರೇಡಿಯೊ, ಟಿವಿ ಕಾರ್ಯಕ್ರಮಗಳಿಗೆ ಅವರು ಸಂಗೀತ ಮಾಡಿದ್ದಾರೆ. 1964ರ ‘ದಿ ಡ್ರೀಮ್ಸ್’ ಕೇಳಬೇಕು. ಬ್ಯಾರಿ ಬರ್ಮಾಂಜ್ ಜೊತೆ ಮಾಡಿದ ರೇಡಿಯೊ ಕೃತಿ ಅದು. ಸಾಮಾನ್ಯ ಜನ ತಮಗೆ ಬಿದ್ದ ಕನಸುಗಳನ್ನು ಹೇಳುತ್ತಾರೆ, ಕೆಳಗೆ ಡೀಲಿಯಾ ಹೆಣೆದ ಸದ್ದು ಹರಿಯುತ್ತದೆ. ಸಹಾರಾದ ತ್ವಾರೆಗ್ ಜನರ ಕುರಿತ ಸಾಕ್ಷ್ಯಚಿತ್ರಕ್ಕೆ ಮಾಡಿದ ‘ಬ್ಲೂ ವೇಲ್ಸ್ ಅಂಡ್ ಗೋಲ್ಡನ್ ಸ್ಯಾಂಡ್ಸ್’ ನನಗೆ ಎಲ್ಲಕ್ಕಿಂತ ಇಷ್ಟ. ಅದರ ಮುಖ್ಯ ಸದ್ದು ಒಂದು ಹಸಿರು ಲೋಹದ ಲ್ಯಾಂಪ್‌ಶೇಡಿನದು. ಅದನ್ನು ಬಡಿದು, ಬಡಿತದ ಆರಂಭವನ್ನು ಕತ್ತರಿಸಿ ಬಿಸಾಕಿ, ಉಳಿದ ಗುಂಯ್‌ಗುಡುವಿಕೆಯನ್ನಷ್ಟೇ ಬಳಸಿದರು. ಜೊತೆಗೆ ಅವರದೇ ದನಿಯೂ ಇದೆ. ಬಿಸಿಲಲ್ಲಿ ನಡುಗುವ ಮರಳುಗಾಡು ಎದುರಿಗೆ ಬಂದುಬಿಡುತ್ತದೆ.

ಹೊರಗಿನ ಕೆಲಸಗಳನ್ನೂ ಅವರು ಒಪ್ಪಿಕೊಳ್ಳುತ್ತಿದ್ದರು. 1966ರಲ್ಲಿ ಹಾಜ್ಸನ್ ಮತ್ತು ಪೀಟರ್ ಜಿನೋವಿಯೆಫ್ ಜೊತೆ ‘ಯೂನಿಟ್ ಡೆಲ್ಟಾ ಪ್ಲಸ್’ ಎಂಬ ಎಲೆಕ್ಟ್ರಾನಿಕ್ ಸಂಗೀತದ ಸಂಸ್ಥೆ ಕಟ್ಟಿದರು. 1969ರಲ್ಲಿ ಅವರಿದ್ದ ‘ವೈಟ್ ನಾಯ್ಸ್’ ತಂಡದ ಆಲ್ಬಮ್ ಬಂತು. ಅದೇ ಹೊತ್ತಿಗೆ ಬಂದ ಇನ್ನೊಂದು ಆಲ್ಬಮ್ಮಿನಲ್ಲಿ ‘ಲಿ ಡೆ ಲಾ ರೂಸ್’ ಎಂಬ ಬೇರೆ ಹೆಸರನ್ನೇ ಇಟ್ಟುಕೊಂಡರು. ಆಫೀಸಿನ ಒಳಗೆ ಹೆಸರಿಲ್ಲ, ಹೊರಗೆ ಸ್ವಂತ ಹೆಸರಲ್ಲ.

1970ರ ಹೊತ್ತಿಗೆ ವರ್ಕ್‌ಶಾಪ್‌ಗೆ ಸಿಂಥಸೈಜರುಗಳು ಬಂದವು. ಕೆಲಸ ಬೇಗ ಮುಗಿಯತೊಡಗಿತು, ಬೇಡಿಕೆಯೂ ಹೆಚ್ಚಾಯಿತು. ಒಂದೊಂದು ಸದ್ದನ್ನೂ ಬುಡದಿಂದ ಕಟ್ಟುತ್ತಿದ್ದ ಡೀಲಿಯಾಗೆ ಅದು ಹಿಡಿಸಲಿಲ್ಲ. 1973ರಲ್ಲಿ ಬಿಬಿಸಿ ಬಿಟ್ಟರು. ಕೆಲವೇ ಕಾಲದಲ್ಲಿ ಸಂಗೀತದಿಂದಲೂ ದೂರವಾದರು. ಗ್ಯಾಸ್ ಪೈಪ್‌ಲೈನ್ ಹಾಕುವ ಕೆಲಸದಲ್ಲಿ ರೇಡಿಯೊ ಆಪರೇಟರ್ ಆಗಿ ದುಡಿದರು. 1990ರ ದಶಕದಲ್ಲಿ ಹೊಸ ತಲೆಮಾರಿನ ಸಂಗೀತಗಾರರು ಅವರನ್ನು ಹುಡುಕಿಕೊಂಡು ಬಂದರು. ಅವರಲ್ಲಿ ಪೀಟರ್ ಕೆಂಬರ್ ಜೊತೆ ಮತ್ತೆ ಕೆಲಸ ಶುರು ಮಾಡಿದ್ದಾಗಲೇ, 2001ರ ಜುಲೈ 3ರಂದು, 64ನೇ ವಯಸ್ಸಿನಲ್ಲಿ ತೀರಿಕೊಂಡರು.

ಆಮೇಲೆ ಅವರ ಮನೆಯ ಅಟ್ಟದಲ್ಲಿ 267 ಟೇಪುಗಳು ಸಿಕ್ಕವು. ಈಗ ಅವು ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದ ಬಳಿ ಇವೆ. 2008ರಲ್ಲಿ ಅದರಲ್ಲಿನ ಒಂದು ತುಣುಕು ಹೊರಬಂದಾಗ ಕೇಳಿದವರು ದಂಗಾದರು. 1960ರ ದಶಕದಲ್ಲಿ ಮಾಡಿದ ಅದು, 1990ರ ದಶಕದ ಡ್ಯಾನ್ಸ್ ಸಂಗೀತದ ಹಾಗೆ ಇತ್ತು. ಟೇಪು ಸಿಕ್ಕಿದ ಮೇಲೆ ಗೌರವಗಳೂ ಸಾಲಾಗಿ ಬಂದವು. 2017ರಲ್ಲಿ ಕವೆಂಟ್ರಿ ವಿಶ್ವವಿದ್ಯಾಲಯ ಮರಣೋತ್ತರ ಗೌರವ ಡಾಕ್ಟರೇಟ್ ಕೊಟ್ಟಿತು. ಅದೇ ವರ್ಷ ಅವರು ಬಾಲ್ಯ ಕಳೆದ ಮನೆಯ ಗೋಡೆಗೆ ನೆನಪಿನ ಫಲಕ ಬಂತು.

ವರ್ಕ್‌ಶಾಪ್ ಬಿಟ್ಟು ಹೋಗಿದ್ದ ಓರಾಮ್ ಇದಕ್ಕಿಂತ ಜಾಸ್ತಿ ಕಾಯಬೇಕಾಯಿತು. ಆರ್ಕೆಸ್ಟ್ರಾ ಮತ್ತು ಟರ್ನ್‌ಟೇಬಲ್‌ಗಳಿಗಾಗಿ (ರೆಕಾರ್ಡ್ ತಿರುಗಿಸುವ ಯಂತ್ರ) ಅವರು 1949ರಲ್ಲೇ ಬರೆದ ‘ಸ್ಟಿಲ್ ಪಾಯಿಂಟ್’ ಕೃತಿಯನ್ನು ಬಿಬಿಸಿ ಬೇಡ ಎಂದಿತ್ತು. ಅದೇ ಬಿಬಿಸಿಯ ಪ್ರಾಮ್ಸ್ ಸಂಗೀತ ಉತ್ಸವದಲ್ಲಿ, ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ, ಅದನ್ನು ನುಡಿಸಿದ್ದು 2018ರಲ್ಲಿ. ಓರಾಮ್ 2003ರಲ್ಲೇ ತೀರಿಕೊಂಡಿದ್ದರು.